ಕಂಪನಿಯ ಇಂಗಾಲದ ಲೆಕ್ಕ: ಯಾವ ಅಂಕಿಯನ್ನು ನಂಬಬೇಕು?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಒಂದೆರಡು ಸಾಫ್ಟ್‌ವೇರ್ ಕಂಪನಿಗಳ ಷೇರುಗಳು ನನ್ನಲ್ಲಿವೆ. ವಾರ್ಷಿಕ ವರದಿಯ ಆರಂಭದಲ್ಲಿ ‘ಇಂಗಾಲ ತಟಸ್ಥ’ ಎಂದು ದಪ್ಪಕ್ಷರದಲ್ಲಿರುತ್ತದೆ; ಒಳಗಿನ ಕೋಷ್ಟಕದಲ್ಲಿ ನೋಡಿದರೆ ಸಾವಿರಾರು ಟನ್ ಇಂಗಾಲದ ಲೆಕ್ಕವಿರುತ್ತದೆ. ಹೊಗೆ ಕೊಳವೆಯೇ ಇಲ್ಲದ ಕಂಪನಿಗೆ ಇಷ್ಟೆಲ್ಲ ಎಲ್ಲಿಂದ ಬಂತು? ಯಾವುದನ್ನು ನಂಬಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ನಿಜವಿರಬಹುದು. ‘ತಟಸ್ಥ’ ಎಂದರೆ ಹೊರಸೂಸುವಿಕೆ ನಿಂತಿದೆ ಎಂದಲ್ಲ. ಉಳಿದ ಹೊರಸೂಸುವಿಕೆಗೆ ಸರಿದೂಗುವಷ್ಟು ಕಾರ್ಬನ್ ಕ್ರೆಡಿಟ್‌ಗಳನ್ನು ಬೇರೆಡೆಯಿಂದ ಪಡೆಯಲಾಗಿದೆ ಎಂದರ್ಥ. ಕ್ರೆಡಿಟ್ ಎಂದರೆ ಬೇರೆಲ್ಲೋ ಇಂಗಾಲವನ್ನು ತಗ್ಗಿಸಿದ್ದಕ್ಕೆ ಸಿಗುವ, ಕೊಂಡು ಮಾರಬಹುದಾದ ಪತ್ರ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಸಾಲ ಹಾಗೆಯೇ ಇದೆ, ಅದಕ್ಕೆದುರಾಗಿ ಠೇವಣಿಯೊಂದನ್ನು ತೋರಿಸಲಾಗಿದೆ. 2020ರಲ್ಲಿ ಇಂಗಾಲ ತಟಸ್ಥವಾದ ಇನ್ಫೋಸಿಸ್‌ನ ಲೆಕ್ಕದಲ್ಲಿ ಹಳ್ಳಿಮನೆಗಳ ಜೈವಿಕ ಅನಿಲ ಘಟಕ, ಸುಧಾರಿತ ಒಲೆಗಳಂಥ ಯೋಜನೆಗಳ ಕ್ರೆಡಿಟ್‌ಗಳೂ ಸೇರಿವೆ. ಅವು ಒಳ್ಳೆಯ ಕೆಲಸಗಳೇ; ಆದರೆ ಕಂಪನಿಯನ್ನು ಅಳೆಯುವಾಗ ನಾನು ಮೊದಲು ನೋಡುವುದು ಸಾಲದ ಮೊತ್ತವನ್ನು.

ಆ ಮೊತ್ತವನ್ನು ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಾಗತಿಕವಾಗಿ ಬಳಕೆಯಲ್ಲಿರುವ ನಿಯಮಾವಳಿಯಾದ ಜಿಎಚ್‌ಜಿ ಪ್ರೋಟೋಕಾಲ್ ಮೂರು ಪಾಲು ಮಾಡುತ್ತದೆ. ಜನರೇಟರಿಗೆ ಸುಟ್ಟ ಡೀಸೆಲ್ ಮುಂತಾದವು ಸ್ಕೋಪ್ 1. ಕೊಂಡ ವಿದ್ಯುತ್ತು ಸ್ಕೋಪ್ 2. ಖರೀದಿಸಿದ ಸರ್ವರು, ಲ್ಯಾಪ್‌ಟಾಪ್, ಕಟ್ಟಡದ ಉಕ್ಕು-ಸಿಮೆಂಟು, ವಿಮಾನಯಾನ, ನೌಕರರ ಓಡಾಟ ಇತ್ಯಾದಿ 15 ಬಾಬತ್ತುಗಳು ಸ್ಕೋಪ್ 3.

ಹೆಚ್ಚು ಎಚ್ಚರ ಬೇಕಾದದ್ದು ಸ್ಕೋಪ್ 2ರಲ್ಲಿ, ಏಕೆಂದರೆ ಅದನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಬಹುದು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದಿಟ್ಟುಕೊಂಡರೆ, ಒಂದು ಲಕ್ಷ ಯೂನಿಟ್ ಬಳಸಿದ ಕಚೇರಿಯ ಬಾಬತ್ತು 70 ಟನ್. ಅದೇ ಕಚೇರಿ ಅಷ್ಟೇ ಪ್ರಮಾಣದ ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರಗಳನ್ನು (ಅಷ್ಟು ವಿದ್ಯುತ್ತು ಸೌರ, ಪವನದಂಥ ಮೂಲದಿಂದ ಎಲ್ಲೋ ತಯಾರಾಗಿದೆ ಎಂಬ ದಾಖಲೆ) ಕೊಂಡರೆ ಎರಡನೆಯ ಬಗೆಯಲ್ಲಿ ಅದು ಸೊನ್ನೆ! ಮೀಟರು ಒಂದೇ, ಬಿಲ್ಲೂ ಒಂದೇ. ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಕೊಡುವ ವರದಿಯ ಮೇಲೆ ನನಗೆ ಹೆಚ್ಚು ವಿಶ್ವಾಸ.

ಆದರೂ ದೊಡ್ಡ ಗಂಟು ಇರುವುದು ಸ್ಕೋಪ್ 3ರಲ್ಲಿ. 2030ರ ಹೊತ್ತಿಗೆ ತಾನು ಹೊರಸೂಸುವುದಕ್ಕಿಂತ ಹೆಚ್ಚು ಇಂಗಾಲವನ್ನು ವಾತಾವರಣದಿಂದ ತೆಗೆಯುವುದಾಗಿ 2020ರಲ್ಲಿ ಸಾರಿದ ಮೈಕ್ರೋಸಾಫ್ಟ್, 2024ರ ವರದಿಯಲ್ಲಿ ಸ್ಕೋಪ್ 1 ಮತ್ತು 2 ಒಟ್ಟಾಗಿ ಶೇ 6.3ರಷ್ಟು ಇಳಿದಿವೆ ಎಂದಿತು. ಅದೇ ವರದಿಯ ಪ್ರಕಾರ ಸ್ಕೋಪ್ 3 ಶೇ 30.9ರಷ್ಟು ಏರಿ, ಒಟ್ಟು ಹೊರಸೂಸುವಿಕೆ 2020ಕ್ಕಿಂತ ಶೇ 29.1ರಷ್ಟು ಹೆಚ್ಚಾಗಿತ್ತು. ಡೇಟಾ ಸೆಂಟರುಗಳ ನಿರ್ಮಾಣ, ಅವುಗಳಿಗೆ ಬೇಕಾದ ಕಾಂಕ್ರೀಟು, ಚಿಪ್ಪು, ಸರ್ವರುಗಳು ಇದಕ್ಕೆ ಮುಖ್ಯ ಕಾರಣ. ಮೊದಲೆರಡು ಸಾಲುಗಳನ್ನಷ್ಟೇ ಓದಿದವರಿಗೆ ಇದು ಸಾಧನೆಯಾಗಿಯೇ ಕಾಣುತ್ತದೆ.

ನಮ್ಮಲ್ಲಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿ ಗೊತ್ತುಮಾಡಿದ, ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ‘ಬಿಆರ್‌ಎಸ್‌ಆರ್’ ವರದಿ ಕೊಡಲೇಬೇಕು. ಆ ನಮೂನೆ ಸ್ಕೋಪ್ 3ನ್ನು ಐಚ್ಛಿಕವಾಗಿ ಇಟ್ಟಿರುವುದು ಸಾಫ್ಟ್‌ವೇರ್ ಕಂಪನಿಗಳ ಮಟ್ಟಿಗೆ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಹೊರಸೂಸುವಿಕೆ ಎಂಬ ಅಂಕಿಯೂ ಇರುತ್ತದೆ. ವಹಿವಾಟು ಬೆಳೆದರೆ ಅದು ತಾನಾಗಿಯೇ ಇಳಿಯಬಹುದಾದ್ದರಿಂದ, ಐದು ವರ್ಷಗಳ ಒಟ್ಟು ಟನ್ನುಗಳನ್ನೇ ಒಂದು ಹಾಳೆಯಲ್ಲಿ ಬರೆದು ಹೋಲಿಸಿ. ನಡುವೆ ಆಧಾರ ವರ್ಷವನ್ನು (ಏರಿಳಿತವನ್ನು ಯಾವ ವರ್ಷಕ್ಕೆ ಹೋಲಿಸುತ್ತಾರೋ ಅದನ್ನು) ಬದಲಿಸಿದ್ದರೆ ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಕಾರಣ ಹುಡುಕಿ. ಸಿಗದಿದ್ದರೆ ಕಂಪನಿ ಕಾರ್ಯದರ್ಶಿಗೆ ಪತ್ರ ಬರೆಯಿರಿ, ಇಲ್ಲವೇ ವಾರ್ಷಿಕ ಮಹಾಸಭೆಯಲ್ಲಿ ಕೇಳಿ; ಹತ್ತೇ ಷೇರು ಇದ್ದರೂ ನೀವು ಷೇರುದಾರರೇ.