ಸೀಡ್ ಕಟ್ಟಿಹಾಕಿದರೆ ಗುಂಪು ಗಟ್ಟಿಯಾಗುತ್ತದೆಯೇ?

ಪತ್ರ: ನಮ್ಮ ತೀರ್ಥಹಳ್ಳಿ ಕಡೆಯ 180 ಮನೆಗಳಲ್ಲಿ ಅಡಿಕೆ ಸುಲಿಯಲು ಯಾರು ಯಾರ ಮನೆಗೆ ಮುಯ್ಯಾಳು ಹೋಗುತ್ತಾರೆ ಎಂದು ಬರೆದುಕೊಂಡು 450 ಕೊಂಡಿಗಳ ಜಾಲ ಮಾಡಿದೆ. ಜಾಲವನ್ನು ಗುಂಪುಗಳಾಗಿ ಹಂಚುವ ಲೂವೇನ್ ಅಲ್ಗಾರಿದಮ್ ಒಮ್ಮೆ 9 ಗುಂಪು ಕೊಟ್ಟಿತು, ಮತ್ತೆ ಓಡಿಸಿದರೆ 11. ರ‍್ಯಾಂಡಮ್ ಸೀಡ್ (ಸರದಿಯನ್ನು ಕಲಸಲು ಕೊಡುವ ಆರಂಭದ ಸಂಖ್ಯೆ) ಒಂದನ್ನೇ ಇಟ್ಟೆ, ಈಗ ಪ್ರತಿ ಸಲವೂ 9. ಸಾಕಲ್ಲವೇ?

ಉತ್ತರ: ಸಾಲದು. ತಕರಾರಿನ ಬಾಯಿ ಮುಚ್ಚಿಸಿದ್ದೀರಿ, ಅಷ್ಟೆ. ಲೂವೇನ್ (2008) ಮನೆಗಳನ್ನು ಒಂದು ಸರದಿಯಲ್ಲಿ ಎತ್ತಿಕೊಂಡು, ಮಾಡ್ಯುಲಾರಿಟಿ (ಗುಂಪಿನೊಳಗೆ ಕೊಂಡಿಗಳು ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚಿವೆ ಎಂಬ ಅಂಕ) ಎಲ್ಲಿ ಹೆಚ್ಚುತ್ತದೋ ಆ ಗುಂಪಿಗೆ ಹಾಕುತ್ತದೆ. ಸರದಿ ಬದಲಾದರೆ ಗುಂಪೂ ಬದಲಾಗಬಹುದು. ಹೆಚ್ಚುಕಮ್ಮಿ ಒಂದೇ ಅಂಕ ಬರುವ ಹಂಚಿಕೆಗಳು ಹಲವಾರು ಇರುತ್ತವೆ. ಸೀಡ್ ಅವುಗಳಲ್ಲಿ ಒಂದನ್ನು ಹೆಕ್ಕಿಕೊಟ್ಟಿದೆ.

ಮೊದಲು ಲೂವೇನ್ ಬದಲು ಅದನ್ನೇ ತಿದ್ದಿ ಮಾಡಿದ ಲೈಡೆನ್ ಅಲ್ಗಾರಿದಮ್ (2019) ಬಳಸಿ. ಲೂವೇನ್ ಕೆಲವೊಮ್ಮೆ ನಡುವೆ ಕೊಂಡಿಯೇ ಇಲ್ಲದ ಎರಡು ತುಂಡುಗಳನ್ನು ಒಂದೇ ಗುಂಪೆನ್ನುತ್ತದೆ. ಲೈಡೆನ್‌ನಲ್ಲಿ ಆ ಕಾಟವಿಲ್ಲ. ಬೇರೆ ಬೇರೆ ಸೀಡ್ ಕೊಟ್ಟು 100 ಸಲ ಓಡಿಸಿ. 180 ಮನೆಗಳೆಂದರೆ 16,110 ಜೋಡಿ. ಪ್ರತಿ ಜೋಡಿ ಎಷ್ಟು ಸಲ ಒಟ್ಟಿಗಿತ್ತೆಂದು ಎಣಿಸಿ. 50ಕ್ಕಿಂತ ಕಡಿಮೆ ಬಂದದ್ದನ್ನು ಬಿಟ್ಟು, ಉಳಿದ ಎಣಿಕೆಯನ್ನೇ ಕೊಂಡಿಯ ತೂಕ ಮಾಡಿ, ಆ ಹೊಸ ಜಾಲದ ಮೇಲೆ ಮತ್ತೆ 100 ಸಲ ಓಡಿಸಿ. ನೂರೂ ಒಂದೇ ಉತ್ತರ ಕೊಡುವವರೆಗೆ ಹೀಗೇ ಮಾಡಿ. ಆದರೆ ಮೊದಲ ಸುತ್ತಿನ ಎಣಿಕೆಯನ್ನು ಎಸೆಯಬೇಡಿ. ಅದರಲ್ಲಿ 95ಕ್ಕೆ ಮೇಲೆ ಒಟ್ಟಿಗಿದ್ದವರು ಗುಂಪಿನ ತಿರುಳು. ಐವತ್ತರ ಆಸುಪಾಸಿನಲ್ಲಿ ಓಲಾಡುವ ಮನೆಗಳು ತಪ್ಪಲ್ಲ, ಎರಡೂ ಕಡೆ ಮುಯ್ಯಿ ಇರುವ ಮನೆಗಳಿರಬಹುದು. ಪಟ್ಟಿಯಲ್ಲಿ ಅವನ್ನು ಹಾಗೆಯೇ ಬರೆಯಿರಿ.

ಇಷ್ಟಾದರೂ ಒಂದು ಮೋಸ ಉಳಿಯುತ್ತದೆ. ಐದು ಮನೆಗಳ ಕೇರಿ, ಎಲ್ಲರೂ ಎಲ್ಲರ ಮನೆಗೆ ಹೋಗುತ್ತಾರೆ ಎನ್ನಿ: ಒಳಗೆ 10 ಕೊಂಡಿ. ಗುಡ್ಡದಾಚೆ ಅಂಥದ್ದೇ ಇನ್ನೊಂದು ಕೇರಿ. ನಡುವೆ ಒಂದೇ ಕೊಂಡಿ. ಪ್ರತಿ ಕೇರಿಯ ಮನೆಗಳ ಕೊಂಡಿ ಎಣಿಸಿ ಕೂಡಿದರೆ 21 (ಒಳಗಿನ ಪ್ರತಿ ಕೊಂಡಿ ಎರಡು ಮನೆಗಳಲ್ಲೂ ಎಣಿಕೆಯಾಗಿ 20, ಆಚೆಯದು 1). ಎರಡು ಕೇರಿಗಳ 21ನ್ನು ಗುಣಿಸಿದರೆ 441. ಇದು ನಿಮ್ಮ ಒಟ್ಟು ಕೊಂಡಿಗಳ ಎರಡರಷ್ಟಕ್ಕಿಂತ, ಅಂದರೆ 900ಕ್ಕಿಂತ, ಕಡಿಮೆ. ಹಾಗಾಗಿ ಎರಡು ಕೇರಿಯೂ ಒಂದಾದರೇ ಮಾಡ್ಯುಲಾರಿಟಿಗೆ ಲಾಭ. ನೂರು ಸಲ ಓಡಿಸಿದರೂ ನೂರು ಸಲವೂ ಅದೇ ತಪ್ಪು ಬರಬಹುದು, ಸ್ಥಿರವಾಗಿ! ರೆಸಲ್ಯೂಶನ್ (ಹೆಚ್ಚಿಸಿದಷ್ಟೂ ಗುಂಪುಗಳನ್ನು ಚಿಕ್ಕದಾಗಿಸುವ ಸಂಖ್ಯೆ) 2.04, ಅಂದರೆ 900 ÷ 441, ದಾಟಿದಾಗ ಮಾತ್ರ ಬೇರೆಯಾಗುತ್ತವೆ, ಆದರೆ ಅಷ್ಟರಲ್ಲಿ ದೊಡ್ಡ ಗುಂಪುಗಳು ಒಡೆದಿರಬಹುದು. 0.5ರಿಂದ 2.5ರವರೆಗೆ 0.1ರಂತೆ ಏರಿಸುತ್ತಾ, ಯಾವ ಗುಂಪು ಹೆಚ್ಚು ದೂರ ಕದಲದೆ ನಿಲ್ಲುತ್ತದೆಂದು ನೋಡಿ.

ಬರೆದುಕೊಳ್ಳುವಾಗ ಒಂದಿಷ್ಟು ಕೊಂಡಿ ಬಿಟ್ಟುಹೋಗಿರುವುದು ಖಂಡಿತ. ನೂರಕ್ಕೆ ಹತ್ತರಂತೆ ಕೊಂಡಿ ಅಳಿಸಿ ಮತ್ತೆ ಓಡಿಸಿ. ಆಗ ಚದುರುವ ಗುಂಪನ್ನು ನಂಬಬೇಡಿ.

ಇನ್ನು ಅಡಿಕೆ ಗೊನೆ ಇಳಿಸುವ ಕೊನೆಗೌಡರ ವಿಷಯ. ಅವರು ಕೂಲಿಗೆ ಎಲ್ಲರ ತೋಟಕ್ಕೂ ಹೋಗುತ್ತಾರೆ, ಮುಯ್ಯಿಗಲ್ಲ. ಆ ಕೊಂಡಿಗಳನ್ನೂ ಸೇರಿಸಿದ್ದರೆ ತೆಗೆದುಹಾಕಿ ಮೊದಲಿನಿಂದ ಓಡಿಸಿ. ನಿಮ್ಮ 9 ಮತ್ತು 11ರ ಜಗಳದಲ್ಲಿ ಅರ್ಧ ಅಲ್ಲೇ ತೀರಬಹುದು.