ಎಸ್‌ಎಸ್‌ಡಿ ಹಾಕಿದರೂ ಯಾಕೆ ನಿಧಾನ?

ಪ್ರಶ್ನೆ: ವಿಂಡೋಸ್ ಎಕ್ಸ್‌ಪಿ ಇದ್ದಾಗ ಮಾಡಿದ ಪಾರ್ಟಿಶನ್‌ನಲ್ಲೇ ಆಮೇಲೆ ವಿಂಡೋಸ್ 7 ಹಾಕಿಕೊಂಡು ಬಳಸುತ್ತಿದ್ದೆ. ಈಗ ಆ ಹಾರ್ಡ್ ಡಿಸ್ಕನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ (ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಕ್ಲೋನ್ ಮಾಡಿದ್ದೇನೆ. ಚಿಕ್ಕ ಫೈಲ್‌ಗಳನ್ನು ಕಾಪಿ ಮಾಡುವಾಗ ತುಂಬಾ ತಡವಾಗುತ್ತಿದೆ. ಡಿಫ್ರಾಗ್ ಮಾಡಿದರೆ ಸರಿಹೋಗುತ್ತದಾ?

ಉತ್ತರ: ಡಿಫ್ರಾಗ್ ಬೇಡ. ಅದು ಪಾರ್ಟಿಶನ್ (ಡಿಸ್ಕನ್ನು ಪಾಲು ಮಾಡಿದ ಒಂದು ಭಾಗ) ಒಳಗಿನ ಫೈಲ್‌ಗಳನ್ನು ಜೋಡಿಸುತ್ತದೆ ಅಷ್ಟೇ, ಪಾರ್ಟಿಶನ್ ಎಲ್ಲಿಂದ ಶುರುವಾಗಿದೆ ಅನ್ನೋದನ್ನು ಮುಟ್ಟುವುದೇ ಇಲ್ಲ. ನಿಮ್ಮ ತೊಂದರೆ ಇರುವುದು ಬಹುಶಃ ಆ ಶುರುವಿನಲ್ಲೇ.

ಡಿಸ್ಕ್ ಓದುವ, ಬರೆಯುವ ಅತಿ ಚಿಕ್ಕ ತುಂಡಿಗೆ ಸೆಕ್ಟರ್ ಅಂತಾರೆ, ಹಳೆ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ ಅಂದರೆ 512 ಬೈಟ್. ಒಂದು ಟ್ರ್ಯಾಕಿಗೆ (ಡಿಸ್ಕ್ ಮೇಲಿನ ಒಂದು ಸುತ್ತು) 63 ಸೆಕ್ಟರ್ ಎಂಬ ಹಳೆ ಲೆಕ್ಕ ಹಿಡಿದುಕೊಂಡು ಎಕ್ಸ್‌ಪಿ ಮೊದಲ ಪಾರ್ಟಿಶನ್ನನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತಿತ್ತು. ಆಗ ಅದರಿಂದ ಏನೂ ತೊಂದರೆ ಇರಲಿಲ್ಲ. 2011ರ ಹೊತ್ತಿಗೆ ಹೊಸ ಹಾರ್ಡ್ ಡಿಸ್ಕ್‌ಗಳು 4096 ಬೈಟಿನ ಸೆಕ್ಟರಿಗೆ ಬಂದವು, ಎಸ್‌ಎಸ್‌ಡಿ ಒಂದು ಸಲಕ್ಕೆ ಬರೆಯುವ ತುಂಡಾದ ಪೇಜ್ ಕೂಡ ಸಾಮಾನ್ಯವಾಗಿ ಅಷ್ಟು ಅಥವಾ ಅದಕ್ಕಿಂತ ದೊಡ್ಡದು. ಈಗ ನೀವೇ ಲೆಕ್ಕ ಹಾಕಿ. 63 ಗುಣಿಸು 512 ಅಂದರೆ 32256, ಅದನ್ನು 4096ರಿಂದ ಭಾಗಿಸಿದರೆ 7.875, ಪೂರ್ತಿ ಸಂಖ್ಯೆ ಬರುವುದಿಲ್ಲ. ಅಂದರೆ ಪಾರ್ಟಿಶನ್ 4096 ಬೈಟಿನ ಒಂದು ಮನೆಯ (ಸೆಕ್ಟರ್ ಅಥವಾ ಪೇಜ್) ನಡುವಿನಿಂದ ಶುರುವಾಗುತ್ತದೆ. ಹೀಗಾಗಿ ವಿಂಡೋಸ್ ಬರೆಯುವ ಒಂದೊಂದು 4096 ಬೈಟಿನ ಕ್ಲಸ್ಟರ್‌ನಲ್ಲೂ (ಫೈಲ್‌ಗೆ ವಿಂಡೋಸ್ ಕೊಡುವ ಅತಿ ಚಿಕ್ಕ ಜಾಗ) ಮೊದಲ 512 ಬೈಟ್ ಒಂದು ಮನೆಯಲ್ಲಿ, ಮಿಕ್ಕ 3584 ಪಕ್ಕದ ಮನೆಯಲ್ಲಿ ಕೂರುತ್ತವೆ. ಒಂದು ಕ್ಲಸ್ಟರ್ ಬದಲಾದರೂ ಡಿಸ್ಕ್ ಎರಡೂ ಮನೆಗಳನ್ನು ಓದಿ, ತಿದ್ದಿ, ಎರಡನ್ನೂ ಮತ್ತೆ ಬರೆಯಬೇಕು. ದೊಡ್ಡ ವಿಡಿಯೊ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಸಾವಿರಾರು ಚಿಕ್ಕ ಫೈಲ್ ಬರೆಯುವಾಗಲೇ ಕೈ ಕಟ್ಟಿದ ಹಾಗಾಗುತ್ತದೆ. ಜೊತೆಗೆ ಎಸ್‌ಎಸ್‌ಡಿ ಸುಮ್ನೆ ಜಾಸ್ತಿ ಸವೆಯುತ್ತದೆ, ನನಗೆ ಬೇಜಾರಾಗುವುದು ಅದಕ್ಕೇ.

ಮೊದಲು ಪರೀಕ್ಷೆ ಮಾಡಿ. ಸ್ಟಾರ್ಟ್‌ನಲ್ಲಿ ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್ ಒಳಗೆ ಹೋದರೆ ಪಾರ್ಟಿಶನ್ ಸ್ಟಾರ್ಟಿಂಗ್ ಆಫ್‌ಸೆಟ್, ಅಂದರೆ ಡಿಸ್ಕಿನ ಮೊದಲಿನಿಂದ ಎಷ್ಟು ಬೈಟ್ ಬಿಟ್ಟು ಪಾರ್ಟಿಶನ್ ಶುರುವಾಗಿದೆ ಅನ್ನೋದು ಕಾಣುತ್ತದೆ. ಅದನ್ನು 4096ರಿಂದ ಭಾಗಿಸಿ, ಶೇಷ ಉಳಿದರೆ ಪಾರ್ಟಿಶನ್ ತಪ್ಪು ಜಾಗದಲ್ಲಿದೆ. ವಿಂಡೋಸ್ 7 ತಾನೇ ಮಾಡುವ ಮೊದಲ ಪಾರ್ಟಿಶನ್ ಸಾಮಾನ್ಯವಾಗಿ 1048576ಕ್ಕೆ ಶುರುವಾಗುತ್ತದೆ, ಸರಿಯಾಗಿ 256 ಪಟ್ಟು.

ಫೈಲ್‌ಗಳನ್ನು ಒಂದೊಂದಾಗಿ ಸರಿ ಮಾಡುವ ಚಿಂತೆ ಬೇಡ, ಶುರು ಸರಿಯಾದರೆ ಒಳಗಿನ ಕ್ಲಸ್ಟರ್‌ಗಳೆಲ್ಲ ತಾವಾಗಿಯೇ ಸಾಲಿಗೆ ಬರುತ್ತವೆ. ನನ್ನನ್ನು ಕೇಳಿದರೆ ಬ್ಯಾಕಪ್ ತೆಗೆದು, ಹಳೆ ಪಾರ್ಟಿಶನ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದೇ ಒಳ್ಳೆಯದು. ಅದು ಆಗದಿದ್ದರೆ ಜಿಪಾರ್ಟೆಡ್ ಎಂಬ ಪಾರ್ಟಿಶನ್ ತಂತ್ರಾಂಶದಲ್ಲಿ ಪಾರ್ಟಿಶನ್ನನ್ನು ಮುಂದಕ್ಕೆ ಸರಿಸಬಹುದು, ಆದರೆ ಅಲ್ಲೂ ಬ್ಯಾಕಪ್ ಬೇಕೇ ಬೇಕು, ಮಧ್ಯೆ ಕರೆಂಟ್ ಹೋದರೆ ಡೇಟಾ ಹೋಗಬಹುದು. ಸರಿಸಿದ ಮೇಲೆ ವಿಂಡೋಸ್ ಶುರುವಾಗದಿದ್ದರೆ ಗಾಬರಿಯಾಗಬೇಡಿ, ಇನ್‌ಸ್ಟಾಲ್ ಡಿಸ್ಕ್ ಹಾಕಿ ಸ್ಟಾರ್ಟಪ್ ರಿಪೇರ್ ಓಡಿಸಿ ನೋಡಿ.