ಸಮಪ್ರಮಾಣದಲ್ಲಿ ಬೆರೆಸಿದರೂ ಪಾಲಿಮರಿನಲ್ಲಿ ಒಂದೇ ಏಕೆ?

ಪ್ರಶ್ನೆ: ಶಿವಮೊಗ್ಗದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆಂದು ಸ್ಟೈರೀನ್, ವಿನೈಲ್ ಅಸಿಟೇಟ್ ಎರಡನ್ನೂ ಸಮ ಮೋಲ್ ಬೆರೆಸಿ, ದ್ರಾವಕ ಹಾಕದೆ, ಕ್ರಿಯೆ ಶುರುಮಾಡುವ ಬೆಂಜಾಯಿಲ್ ಪೆರಾಕ್ಸೈಡಿನೊಂದಿಗೆ 80 ಡಿಗ್ರಿಯಲ್ಲಿ ಕಾಯಿಸಿ ಮೆಥನಾಲಿಗೆ ಸುರಿದೆ. ಸಿಕ್ಕ ಬಿಳಿ ಪುಡಿಯ ಅವಗೆಂಪು ರೋಹಿತ, ಅಂದರೆ ಐಆರ್‌ನಲ್ಲಿ ಅಸಿಟೇಟಿನ ಗುರುತು ಇಲ್ಲವೆನ್ನುವಷ್ಟು ಸಣ್ಣದು. ಸ್ಟೈರೀನ್ ಜೊತೆ ಮೀಥೈಲ್ ಮೆಥಾಕ್ರಿಲೇಟ್ ಹಾಕಿದ ಗೆಳತಿಗೆ ಎರಡೂ ಸೇರಿ ಬಂದವು. ನಮ್ಮ ಮಳೆಗಾಲದ ತೇವ ಕಾರಣವೇ?

ಉತ್ತರ: ಮಳೆಯನ್ನು ದೂರಬೇಡಿ. ಫ್ರೀ ರ್‍ಯಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನಿರುವ ಚುರುಕು ಅಣು) ಕ್ರಿಯೆಯನ್ನು ತಡೆಯುವುದು ಆಮ್ಲಜನಕ, ಗಾಳಿಯ ತೇವವಲ್ಲ. ನಿಮಗೆ ಬಂದದ್ದು ಬರಬೇಕಾದ ಫಲಿತಾಂಶವೇ.

ಬೆಳೆಯುವ ಸರಪಳಿಯ ತುದಿ ಯಾವ ಮೊನೊಮರನ್ನು (ಸರಪಳಿಗೆ ಕೊಂಡಿಯಾಗುವ ಬಿಡಿ ಅಣು) ಆರಿಸಿಕೊಳ್ಳುತ್ತದೆ ಎಂಬುದೇ ಇಲ್ಲಿ ಮುಖ್ಯ. ರಸಾಯನಶಾಸ್ತ್ರಜ್ಞರಾದ ಮೇಯೊ ಮತ್ತು ಲೂಯಿಸ್ 1944ರಲ್ಲಿ ಇದನ್ನು ಎರಡು ಕ್ರಿಯಾಶೀಲತಾ ಅನುಪಾತಗಳಿರುವ ಸಮೀಕರಣದಲ್ಲಿ ಹಿಡಿದರು. ತುದಿ ಎದುರಿನ ಮೊನೊಮರಿಗಿಂತ ತನ್ನದನ್ನು ಎಷ್ಟು ಪಟ್ಟು ಬೇಗ ಸೇರಿಸಿಕೊಳ್ಳುತ್ತದೆ ಎಂಬುದೇ ಈ ಅನುಪಾತ. ನಿಮ್ಮ ಜೋಡಿಗೆ 60 ಡಿಗ್ರಿಯಲ್ಲಿ ಅವು ಸ್ಟೈರೀನಿಗೆ ಸುಮಾರು 55, ಅಸಿಟೇಟಿಗೆ 0.01. ಅಂದರೆ ಸ್ಟೈರೀನ್ ತುದಿ ತನ್ನ ಜಾತಿಯದನ್ನೇ 55 ಪಟ್ಟು ಬೇಗ ಸೇರಿಸಿಕೊಳ್ಳುತ್ತದೆ. ಅಸಿಟೇಟ್ ತುದಿಯೂ ಸ್ಟೈರೀನನ್ನೇ ಬಯಸುತ್ತದೆ. ಸಮ ಮೋಲ್ ಹಾಕಿ ಲೆಕ್ಕ ಮಾಡಿದರೆ ಆರಂಭದ ಪಾಲಿಮರಿನಲ್ಲಿ ಶೇ. 98 ಸ್ಟೈರೀನ್. ಸ್ಟೈರೀನ್ ರ್‍ಯಾಡಿಕಲ್‌ಗೆ ಬೆಂಜೀನ್ ಉಂಗುರದ ಅನುರಣನದಿಂದ (ಎಲೆಕ್ಟ್ರಾನ್ ಉಂಗುರಕ್ಕೂ ಹಂಚಿಹೋಗುವುದರಿಂದ) ಸ್ಥಿರತೆ ಬರುತ್ತದೆ. ಅದನ್ನು ಬಿಟ್ಟುಕೊಟ್ಟು, ಅಂಥ ಬಲವಿಲ್ಲದ ಅಸಿಟೇಟ್ ರ್‍ಯಾಡಿಕಲ್ ಆಗಲು ಅದು ಒಪ್ಪುವುದಿಲ್ಲ. ವಿನೈಲ್ ಅಸಿಟೇಟಿಗೆ ಚೂರು ಸ್ಟೈರೀನ್ ಬಿದ್ದರೂ ಅದರ ಪಾಲಿಮರೀಕರಣ ಕುಂಟುವುದು ಇದರಿಂದಲೇ.

ಗೆಳತಿಯ ಜೋಡಿಯಲ್ಲಿ ಅನುಪಾತಗಳು ಸುಮಾರು 0.52 ಮತ್ತು 0.46. ಎರಡೂ ಒಂದಕ್ಕಿಂತ ಕಡಿಮೆ, ಹಾಗಾಗಿ ಪ್ರತಿ ತುದಿಗೂ ಎದುರಿನದೇ ಇಷ್ಟ. ಸ್ಟೈರೀನ್ ಶೇ. 53ರ ಆಸುಪಾಸು ಇದ್ದರೆ ಹಾಕಿದ ಪ್ರಮಾಣವೇ ಪಾಲಿಮರಿನಲ್ಲೂ ಕಾಣುತ್ತದೆ, ಕೊನೆಯವರೆಗೂ ಬದಲಾಗುವುದಿಲ್ಲ.

ನಿಮ್ಮ ವಿಧಾನದಲ್ಲಿ ಮೂರು ಮಾತು ಹೇಳಲೇಬೇಕು. ವಿನೈಲ್ ಅಸಿಟೇಟ್ 72 ಡಿಗ್ರಿ ಹೊತ್ತಿಗೇ ಕುದಿಯುತ್ತದೆ. 80ರಲ್ಲಿ ಬಾಯಿ ತೆರೆದ ನಳಿಕೆ ಇಟ್ಟಿದ್ದರೆ ಅದು ಹಾರಿಹೋಗಿರುತ್ತದೆ. ನೈಟ್ರೋಜನ್ ಹಾಯಿಸಿ, ಮುಚ್ಚಿ, 60ರಲ್ಲಿಡಿ. ಎರಡನೆಯದು, ಪಾಲಿವಿನೈಲ್ ಅಸಿಟೇಟ್ ಮೆಥನಾಲಿನಲ್ಲಿ ಕರಗುತ್ತದೆ. ಅದು ಆಗಿದ್ದರೂ ನಿಮ್ಮ ತೊಳೆಯುವ ಹಂತವೇ ಅದನ್ನು ಕಳೆದಿರುತ್ತದೆ, ಆದ್ದರಿಂದ ಒಂದು ಭಾಗವನ್ನು ಹೆಕ್ಸೇನಿಗೂ ಸುರಿದು ನೋಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ದ್ರಾವಕವಿಲ್ಲದೆ ಮುಂದುವರಿದಂತೆ ಮಿಶ್ರಣ ಗಟ್ಟಿಯಾಗುತ್ತದೆ, ಸರಪಳಿ ತುದಿಗಳು ಒಂದನ್ನೊಂದು ಸೇರಿ ಮುಗಿಯಲಾರವು, ವೇಗವೂ ಬಿಸಿಯೂ ಒಟ್ಟಿಗೆ ಏರುತ್ತವೆ. ಗೆಳತಿಯ ಮೆಥಾಕ್ರಿಲೇಟಿನಲ್ಲಿ ಇದು ತೀವ್ರ. ಕೆಲವೇ ಮಿಲಿಲೀಟರ್ ತೆಗೆದುಕೊಳ್ಳಿ, ತೆಳು ನಳಿಕೆ ಬಳಸಿ, ಮೊನೊಮರಿನ ಶೇ. 5ರಿಂದ 10 ಪಾಲಿಮರಾಗುತ್ತಲೇ ತಣ್ಣೀರಿಗಿಡಿ. ಮೇಯೊ-ಲೂಯಿಸ್ ಸಮೀಕರಣ ನಂಬಲರ್ಹವಾಗಿ ಅನ್ವಯಿಸುವುದೂ ಅಷ್ಟು ಆರಂಭದ ಮಾದರಿಗೇ.